ಕಿರಿಯ ರಾಣಿ ಅಳಲಿಲ್ಲ

ಕಿರಿಯ ಯುವರಾಜ ನದಿಯಲ್ಲಿ ಮುಳುಗಿ ಸತ್ತ ಮರುದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾವಿರದ ಇನ್ನೂರು ಸಂದೇಶಗಳು ಬಂದಿದ್ದವು. ಅವನ್ನೆಲ್ಲ ಓದುವುದು ನನ್ನ ಕೆಲಸ.

ರಾಜಮನೆತನದ ಆ ಧಾರಾವಾಹಿ ವಾರಕ್ಕೆ ಐದು ದಿನ, ಸಂಜೆ ಏಳೂವರೆಗೆ ಟಿ.ವಿ.ಯಲ್ಲಿ ಬರುತ್ತದೆ. ಅದನ್ನು ತಯಾರಿಸುವ ಕಚೇರಿಯ ಮೂರನೇ ಮಹಡಿಯಲ್ಲಿ, ರಟ್ಟಿನ ಕಿರೀಟ ಮತ್ತು ಮರದ ಕತ್ತಿಗಳನ್ನು ಇಡುವ ಕೋಣೆಯ ಪಕ್ಕದಲ್ಲಿ, ಎರಡು ಮೇಜುಗಳಿರುವ ಕೋಣೆ ನಮ್ಮದು. ಒಂದು ಮೇಜಿನಲ್ಲಿ ನಾನು ಪ್ರೇಕ್ಷಕರ ಸಂದೇಶ ಮತ್ತು ಪತ್ರಗಳನ್ನು ಓದುತ್ತೇನೆ. ಇನ್ನೊಂದರಲ್ಲಿ ಕೂತು ಅವರ ಫೋನ್ ಕರೆಗಳನ್ನು ತೆಗೆದುಕೊಳ್ಳುವ ಹಿರಿಯ ಹೆಂಗಸನ್ನು ಇಡೀ ಕಟ್ಟಡ ಹಲೋ ಅಕ್ಕ ಎಂದು ಕರೆಯುತ್ತದೆ.

ಎಲ್ಲವನ್ನೂ ಮೂರು ಪಾಲು ಮಾಡಬೇಕು. ಹೊಗಳಿದ್ದು, ಬೈದದ್ದು, ಕೇಳಿದ್ದು. ಸಂದೇಶ ಒಂದಕ್ಕೆ ಒಂದು ಮತ. ಫೋನ್ ಕರೆಗೆ ಹತ್ತು. ಕೈಯಲ್ಲಿ ಬರೆದ ಪತ್ರಕ್ಕೆ ನೂರು. ಕಾಗದ ಹುಡುಕಿ, ಪೆನ್ನು ಹುಡುಕಿ, ಅಂಚೆ ಡಬ್ಬಿಯವರೆಗೆ ನಡೆದು ಹೋಗುವ ಒಬ್ಬರ ಹಿಂದೆ, ಅದೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವ ತೊಂಬತ್ತೊಂಬತ್ತು ಜನ ಇರುತ್ತಾರೆ ಎಂಬುದು ಕಥೆ ಸಾರ್ ಅವರ ನಂಬಿಕೆ. ಧಾರಾವಾಹಿ ಬರೆಯುವವರು ಅವರು. ಬೇರೆಯವರ ಕೈಬರಹ ಓದಲು ಅವರಿಗೆ ತಾಳ್ಮೆಯಿಲ್ಲ. ಹಾಗಾಗಿ ಪತ್ರಗಳನ್ನು ನಾನು ಟೈಪ್ ಮಾಡಿ ಕೊಡುತ್ತೇನೆ. ಮೂಲ ಪತ್ರ ರಟ್ಟಿನ ಪೆಟ್ಟಿಗೆಗೆ ಹೋಗುತ್ತದೆ. ಅದನ್ನು ಮತ್ತೆ ಯಾರೂ ತೆಗೆದು ನೋಡುವುದಿಲ್ಲ. ಶುಕ್ರವಾರ ನನ್ನ ವರದಿಯನ್ನು ಇಟ್ಟುಕೊಂಡು ಅವರು ಮುಂದಿನ ಕಥೆ ಬರೆಯುತ್ತಾರೆ.

ಒಮ್ಮೆ ಈ ನೂರರ ಲೆಕ್ಕವನ್ನು ಮನೆಯಲ್ಲಿ ಅತ್ತೆಗೆ ಹೇಳಿ ನಕ್ಕಿದ್ದೆ. ಆಗ ನನ್ನ ಗಂಡ ಇದ್ದರು.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಹೊಡೆಯಿತು. ಅವರು ನಾನು ತಂದಿದ್ದ ಪುಸ್ತಕವನ್ನು ಗ್ರಂಥಾಲಯಕ್ಕೆ ಮರಳಿಸಲು ಹೊರಟಿದ್ದರು. ಅಂದು ಕೊನೆಯ ದಿನವಾಗಿತ್ತು. ಕೊಟ್ಟು ಬನ್ನಿ ಎಂದು ಕಳಿಸಿದ್ದು ನಾನು. ನನಗೆ ಕಾಯಿಲೆಯೇನೂ ಇರಲಿಲ್ಲ. ಹೊರಗೆ ಬಿಸಿಲಿತ್ತು, ಅಷ್ಟೆ.

ಅತ್ತೆಗೆ ಅವರು ಒಬ್ಬನೇ ಮಗ. ಎಲ್ಲಿಗೆ ಹೊರಟಿದ್ದ ಎಂದು ಆಸ್ಪತ್ರೆಯಲ್ಲಿ ಕೇಳಿದರು. ಗೆಳೆಯನನ್ನು ನೋಡಲು ಎಂದೆ. ಬಾಯಿಗೆ ಬಂದದ್ದು ಅದು. ಆಮೇಲೆ ಮನೆಗೆ ಬಂದವರಿಗೆಲ್ಲ ಅತ್ತೆಯೂ ಅದನ್ನೇ ಹೇಳಿದರು. ಸ್ಕೂಟರಿನ ಸೀಟಿನ ಕೆಳಗಿದ್ದ ಪುಸ್ತಕಕ್ಕೆ ಏನೂ ಆಗಿರಲಿಲ್ಲ. ಮುಂದಿನ ವಾರ ನಾನೇ ಹೋಗಿ ಕೊಟ್ಟು ಬಂದೆ.

ನಿಜವನ್ನು ಒಬ್ಬರಿಗೆ ಮಾತ್ರ ಹೇಳಿದ್ದೆ, ಕಥೆ ಸಾರ್ ಅವರಿಗೆ. ಒಂದು ದಿನ ಟೀ ಕುಡಿಯುವಾಗ ಅವರು ಮೆಲ್ಲಗೆ ಕೇಳಿದರು, "ಸುದ್ದಿ ಬಂದಾಗ ಅಳು ಬಂತೇನಮ್ಮ?" ಇಲ್ಲ ಎಂದೆ. ಬಾಗಿಲ ಬಳಿಯಿದ್ದ ಗಂಡನ ಚಪ್ಪಲಿ ನೋಡುತ್ತ ಕೂತಿದ್ದೆ ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. ಅವರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು.

ಕಿರಿಯ ಯುವರಾಜ ಸತ್ತ ಕಂತನ್ನು ಮನೆಯಲ್ಲಿ ಅತ್ತೆಯ ಜೊತೆ ಕೂತು ನೋಡಿದೆ. ಅತ್ತೆ ಬಟ್ಟೆ ಹೊಲಿಯುತ್ತಾರೆ. ಹೊಸದಕ್ಕಿಂತ ಹಳೆಯದನ್ನು ತಿದ್ದುವುದೇ ಹೆಚ್ಚು. ಉದ್ದವಾದದ್ದನ್ನು ಮಡಚಿ, ಬಿಗಿಯಾದದ್ದನ್ನು ಬಿಚ್ಚಿ ಕೊಡುತ್ತಾರೆ. ಅವರ ಯಂತ್ರ ಟಿ.ವಿ.ಯ ಎದುರಿಗೇ ಇದೆ. ಧಾರಾವಾಹಿ ನಡೆಯುವಾಗಲೂ ಅದು ಓಡುತ್ತಿರುತ್ತದೆ. ಕಥೆ ಕಾವೇರಿದಾಗ ಮಾತ್ರ ನಿಲ್ಲುತ್ತದೆ.

ಆ ದಿನ ಕಿರಿಯ ರಾಣಿ ತನ್ನ ಗಂಡ ಯುವರಾಜನ ಕೈಗೆ ಒಂದು ಓಲೆ ಕೊಟ್ಟಳು. ನದಿಯಾಚೆಯ ತನ್ನ ತಂದೆಗೆ ಮುಟ್ಟಿಸಬೇಕು, ಇಂದೇ ಮುಟ್ಟಬೇಕು ಎಂದಳು. ಆಳನ್ನು ಕಳಿಸಬಹುದಿತ್ತು. ಅವನು ನಗುತ್ತ ತಾನೇ ಹೊರಟ. ದೋಣಿ ಮಗುಚಿತು. ಎಲ್ಲಿಗೆ ಹೋಗಿದ್ದ ಎಂದು ಅವನ ತಾಯಿ ರಾಜಮಾತೆ ಕೇಳಿದಾಗ ಕಿರಿಯ ರಾಣಿ, ಬೇಟೆಗೆ ಎಂದಳು. ಆಮೇಲೆ ಬಾಗಿಲ ಬಳಿಯಿದ್ದ ಅವನ ಪಾದರಕ್ಷೆಗಳನ್ನು ನೋಡುತ್ತ ಕೂತಳು. ಅಳಲಿಲ್ಲ.

ಯಂತ್ರ ನಿಂತಿತ್ತು. ನಾನು ಅತ್ತೆಯ ಕಡೆ ತಿರುಗಲಿಲ್ಲ.

"ದಾರ ಮುಗೀತು," ಎಂದರು ಅವರು. ಎದ್ದು ಒಳಗೆ ಹೋದರು. ಉರುಳೆಯಲ್ಲಿ ಅರ್ಧದಷ್ಟು ದಾರವಿತ್ತು.

ಬೆಳಿಗ್ಗೆ ಕಚೇರಿಗೆ ಹೋದವಳೇ ಕಥೆ ಸಾರ್ ಅವರ ಬಾಗಿಲಲ್ಲಿ ನಿಂತೆ.

"ಯಾರಿಗೂ ಹೇಳಲ್ಲ ಅಂದಿದ್ರಿ ಸಾರ್."

"ಯಾರಿಗಮ್ಮ ಹೇಳ್ದೆ? ಒಂದು ನರಪಿಳ್ಳೆಗೆ ಹೇಳಿದ್ರೆ ಕೇಳು." ಅವರಿಗೆ ನಿಜವಾಗಿಯೂ ನೋವಾಗಿತ್ತು. "ಪುಸ್ತಕ ಎಲ್ಲಿದೆ ಅದ್ರಲ್ಲಿ? ಸ್ಕೂಟರ್ ಎಲ್ಲಿದೆ? ದೋಣಿ ಹಾಕಿದೀನಿ, ನದಿ ಹಾಕಿದೀನಿ. ಯಾರಿಗೆ ಗೊತ್ತಾಗುತ್ತೆ?"

"ನಮ್ಮತ್ತೆ ನೋಡ್ತಾರೆ ಸಾರ್."

"ಎಲ್ರ ಅತ್ತೇನೂ ನೋಡ್ತಾರಮ್ಮ. ಅದಕ್ಕೇ ಅಲ್ವಾ ನಮ್ಮ ಹೊಟ್ಟೆ ತುಂಬ್ತಿರೋದು?"

ನಾನು ನನ್ನ ಮೇಜಿಗೆ ಬಂದು ಓದಲು ಕೂತೆ.

*ಗಂಡ ಸತ್ರೆ ಹೀಗಾ ಕೂರೋದು? ಬಸ್ಸಿಗೆ ಕಾಯೋರ ಥರ ಕೂತಿದಾಳೆ.* ಬೈದದ್ದು, ಒಂದು. *ಸಾರ್, ಒಂದು ಚೀಲ ಈರುಳ್ಳಿ ಕಳಿಸ್ಲಾ? ಅವಳ ಕಣ್ಣಿಗೆ ಹಿಂಡಿ.* ಬೈದದ್ದು. *ಹೆಣ ಸಿಕ್ಕಿಲ್ಲ ಅಂದ್ರೆ ನಮ್ಮ ಯುವರಾಜ ಬದುಕಿದಾನೆ ಅಂತಾನೇ ಅರ್ಥ.* ಕೇಳಿದ್ದು. *ಕಿರಿಯ ರಾಣಿ ಹಾಕಿದ್ದ ಮುತ್ತಿನ ಸರ ಎಲ್ಲಿ ಸಿಗುತ್ತೆ?* ಅದೂ ಕೇಳಿದ್ದೇ. *ಕಲ್ಲು ಕಣ್ರೀ ಅವಳು, ಕಲ್ಲು. ಮುದ್ದಾದ ಹುಡುಗನ್ನ ನುಂಗಿ ನೀರು ಕುಡಿದಳು.*

ಹಲೋ ಅಕ್ಕ ರಿಸೀವರ್ ಕೆಳಗಿಟ್ಟು ಕಿವಿ ತಿಕ್ಕಿಕೊಂಡರು. "ನನ್ನ ಕಿವಿ ತೂತು ಬಿತ್ತು ಕಣೇ. ಒಬ್ಳು ಅಳ್ತಾಳೆ, ಒಬ್ಳು ಬೈತಾಳೆ. ಒಬ್ಬ ಅಜ್ಜ ಇದಾನೆ, ಯುವರಾಜನಿಗೆ ಈಜು ಕಲಿಸ್ದೆ ದೋಣಿ ಹತ್ತಿಸಿದ್ರಲ್ಲ, ನಿಮ್ಮ ಮೇಲೆ ಕೇಸ್ ಹಾಕ್ತೀನಿ ಅಂತ ಹಾರಾಡ್ತಾನೆ." ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. "ಬಿಡು. ನೀನು ಅವನ್ನೆಲ್ಲ ಓದ್ಬೇಡ ಇವತ್ತು. ಇಲ್ಲಿ ಕೊಡು, ನಾನೇ ಎಣಿಸ್ತೀನಿ."

"ಪರವಾಗಿಲ್ಲ ಅಕ್ಕ."

ನಿಜಕ್ಕೂ ನನಗೇನೂ ಅನಿಸಲಿಲ್ಲ. ಓದಿದೆ, ಗೆರೆ ಎಳೆದೆ. ಐದು ಗೆರೆಗೊಂದು ಕಟ್ಟು.

ವಾರ ಕಳೆಯುವಷ್ಟರಲ್ಲಿ ಬೈಗುಳಗಳೆಲ್ಲ ಒಂದೇ ಬೇಡಿಕೆಯಾದವು. ಕಿರಿಯ ರಾಣಿಯೇ ಅವನನ್ನು ಕಳಿಸಿದ್ದು ಎಂದು ನೋಡುವವರಿಗೆ ಗೊತ್ತು, ಅರಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಾಜಮಾತೆಗೆ ಗೊತ್ತಾಗಬೇಕು ಎಂದರು ಜನ. ಗೊತ್ತಾಗಿ ಅವಳನ್ನು ಕಾಡಿಗೆ ಅಟ್ಟಬೇಕು ಎಂದರು. ಕಥೆ ಸಾರ್ ಅವರ ಕೈಯೂ ತುರಿಸುತ್ತಿತ್ತು. ಕಾಡಿನ ಚಿತ್ರೀಕರಣಕ್ಕೆ ಜಾಗ ನೋಡಲು ಹೇಳಿಯಾಗಿತ್ತು.

ನನಗೆ ಒಂದೇ ಹೆದರಿಕೆ. ಪರದೆಯ ಮೇಲೆ ರಾಜಮಾತೆಗೆ ಗೊತ್ತಾದ ಕ್ಷಣದಲ್ಲಿ, ಯಂತ್ರದ ಮುಂದೆ ಕೂತ ಅತ್ತೆ ನನ್ನ ಕಡೆ ತಿರುಗುತ್ತಾರೆ. ಆಮೇಲೆ ನಮ್ಮ ಎರಡು ಕೋಣೆಗಳ ಮನೆಯಲ್ಲಿ ನಾವಿಬ್ಬರೂ ಇರಲಾಗುವುದಿಲ್ಲ. ಇಬ್ಬರಿಗೂ ಹೋಗಲು ಬೇರೆ ಜಾಗವಿತ್ತು. ಅವರಿಗೆ ತಂಗಿಯ ಮನೆ, ನನಗೆ ಅಪ್ಪನ ಮನೆ. ಆದರೆ ನನ್ನ ಗಂಡ ಇದ್ದ ಮನೆ ಅದೊಂದೇ.

ಅತ್ತೆ ಪ್ರತಿ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, "ಇವತ್ತು ಜನ ಏನಂದ್ರು?" ಮೊದಲು ಅದನ್ನು ಕೇಳುತ್ತಿದ್ದುದು ಮಗನನ್ನು ನಗಿಸಲು. ಈಗ ನಮ್ಮಿಬ್ಬರ ನಡುವೆ ಉಳಿದಿರುವ ಮಾತು ಅದು.

"ರಾಜಮಾತೆಗೆ ಗೊತ್ತಾಗ್ಬೇಕು ಅಂತಾರೆ," ಎಂದೆ ಆ ಸೋಮವಾರ.

"ಗೊತ್ತಾದ್ರೆ?"

"ಕಿರಿಯ ರಾಣಿಯನ್ನ ಕಾಡಿಗೆ ಕಳಿಸ್ಬೇಕು ಅಂತಾರೆ."

ಅತ್ತೆ ಒಂದು ಕೋಟಿನ ಒಳಗಿನ ಅಸ್ತರು ಬಿಚ್ಚುತ್ತಿದ್ದರು. "ಕಾಡಿಗೆ ಹೋಗಿ ಏನ್ ಮಾಡ್ತಾಳೆ ಅವಳು? ಬೇರು ಗೆಡ್ಡೆ ಕೀಳ್ತಾಳಾ? ಆ ಉಗುರು ಇಟ್ಕೊಂಡು?"

ನನಗೆ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ. ಅತ್ತೆ ನಗಲಿಲ್ಲ.

"ಕಾಗದ ಬರೆದ್ರೆ ನೂರಕ್ಕೆ ಸಮ ಅಂದಿದ್ದೆ. ಈಗ್ಲೂ ಹಾಗೇನಾ?"

"ಹೂಂ."

"ಹೆಸರು ಹಾಕ್ಬೇಕಾ?"

"ಹಾಕದೆ ಇದ್ರೂ ನಡೆಯುತ್ತೆ ಅತ್ತೆ."

ಅವರು ಬ್ಲೇಡಿನ ತುದಿಯಿಂದ ಇನ್ನೊಂದು ಹೊಲಿಗೆ ಎತ್ತಿದರು.

ಗುರುವಾರದ ಅಂಚೆಯಲ್ಲಿ ಮೂರು ಪತ್ರಗಳಿದ್ದವು. ಮೂರನೆಯದನ್ನು ಬಿಚ್ಚಿದಾಗ ನನಗೆ ಮೊದಲು ಕಂಡದ್ದು ನಮ್ಮ ಅಡುಗೆಮನೆಯ ಡಬ್ಬಿಗಳು. ಉಪ್ಪು, ಸಕ್ಕರೆ, ಸಾಸಿವೆ ಎಂದು ಅತ್ತೆ ಚೀಟಿ ಬರೆದು ಅಂಟಿಸಿದ್ದಾರೆ. ಒತ್ತಕ್ಷರವನ್ನು ಬಾಲದ ಹಾಗೆ ಕೆಳಗೆಳೆದು ಬರೆಯುವ ಕೈ ಅದು. ಅಳತೆ ಬರೆದುಕೊಳ್ಳುವ ಪುಸ್ತಕದಿಂದ ಹಾಳೆ ಹರಿದಿದ್ದರು. ಮೇಲಿನ ಅಂಚಿನಲ್ಲಿ ಯಾರದೋ ತೋಳಿನ ಉದ್ದ ಹಾಗೇ ಉಳಿದಿತ್ತು.

*ಕಥೆ ಬರೆಯುವವರಿಗೆ,*

*ರಾಜಮಾತೆಗೆ ಗೊತ್ತಾಗಬೇಕು ಎಂದು ಜನ ಹೇಳುತ್ತಿದ್ದಾರಂತೆ. ಅವಳಿಗೆ ಮೊದಲ ದಿನದಿಂದ ಗೊತ್ತು. ಮಗ ಹೊರಡುವಾಗ ಕೈಯಲ್ಲಿ ಏನು ಹಿಡಿದಿದ್ದ ಎಂದು ಕಿಟಕಿಯಿಂದ ನೋಡಿದ್ದಾಳೆ. ಹೆತ್ತವಳು ಮಗ ಹೋಗುವುದನ್ನು ನೋಡದೆ ಇರುತ್ತಾಳೆಯೇ? ಸೊಸೆ ಬೇರೆ ಏನೋ ಹೇಳಿದಳು. ರಾಜಮಾತೆ ಬಂದವರಿಗೆಲ್ಲ ಅದನ್ನೇ ಹೇಳಿದಳು.*

*ಅವಳು ಸೊಸೆಯನ್ನು ಕ್ಷಮಿಸಿಲ್ಲ. ಕ್ಷಮಿಸುವುದು ಅವಳಿಂದ ಆಗುವುದಿಲ್ಲ.*

*ಆದರೆ ಹುಡುಗಿಯನ್ನು ಕಾಡಿಗೆ ಕಳಿಸಬೇಡಿ. ಅವಳು ಹೋದರೆ ಅವನು ಹೇಗೆ ಕೆಮ್ಮುತ್ತಿದ್ದ, ಚಪ್ಪಲಿ ಹೇಗೆ ಬಿಡುತ್ತಿದ್ದ ಎಂದು ಗೊತ್ತಿರುವವರು ಇನ್ನು ಯಾರೂ ಇರುವುದಿಲ್ಲ. ಇಬ್ಬರೂ ಎದುರುಬದುರು ಕೂತು ಊಟ ಮಾಡಲಿ. ಇಬ್ಬರಿಗೂ ಅದೇ ಶಿಕ್ಷೆ. ಬೇರೆ ಬೇಡ.*

*ಇಂತಿ, ದಿನಾ ನೋಡುವವಳು.*

ಎರಡು ಸಲ ಓದಿದೆ. ಹಲೋ ಅಕ್ಕ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದರು. ನನಗೆ ಏನೂ ಆಗಲಿಲ್ಲ. ಎಂಟು ತಿಂಗಳು ದಿನಕ್ಕೆರಡು ಹೊತ್ತು ಅವರ ಎದುರಿಗೆ ಕೂತು ಊಟ ಮಾಡಿದ್ದು ನೆನಪಾಯಿತು. ಇನ್ನೂ ಸ್ವಲ್ಪ ಹಾಕ್ಲಾ ಎಂದು ಅವರು ಕೇಳುತ್ತಿದ್ದುದು, ಸಾಕು ಎಂದು ನಾನು ಹೇಳುತ್ತಿದ್ದುದು.

ಟೈಪ್ ಮಾಡಲು ಶುರು ಮಾಡಿದೆ. ಮೊದಲಿನ ಭಾಗವನ್ನು ಇದ್ದ ಹಾಗೇ ಹೊಡೆದೆ. ಕ್ಷಮಿಸಿಲ್ಲ ಎನ್ನುವಲ್ಲಿಗೆ ಬಂದು ನಿಂತೆ. ನಾಲ್ಕು ವರ್ಷದ ಕೆಲಸದಲ್ಲಿ ಯಾರದೇ ಪತ್ರದ ಒಂದು ಅಕ್ಷರವನ್ನೂ ನಾನು ಬದಲಾಯಿಸಿರಲಿಲ್ಲ. ಬೈಗುಳಗಳನ್ನೂ ಇದ್ದ ಹಾಗೇ ಹೊಡೆದಿದ್ದೆ.

*ಅವಳು ಸೊಸೆಯ ತಪ್ಪನ್ನು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ಅದನ್ನು ಹೇಳಲು ಅವಳಿಗೆ ಮಾತು ಸಿಗುತ್ತಿಲ್ಲ* ಎಂದು ಟೈಪ್ ಮಾಡಿದೆ. ಶಿಕ್ಷೆಯ ಮಾತನ್ನು ಬಿಟ್ಟೆ. ಹಾಳೆಯ ಮೇಲೆ ನೂರು ಎಂದು ಬರೆದೆ. ಮೂಲವನ್ನು ರಟ್ಟಿನ ಪೆಟ್ಟಿಗೆಗೆ ಹಾಕಲಿಲ್ಲ, ನನ್ನ ಚೀಲದಲ್ಲಿ ಇಟ್ಟುಕೊಂಡೆ.

ಆ ಮಾತನ್ನು ಯಾರ ಬಾಯಿಂದಲಾದರೂ ಕೇಳಬೇಕಿತ್ತು ನನಗೆ. ಕಿರೀಟ ಇಟ್ಟುಕೊಂಡ ನಟಿಯ ಬಾಯಿಂದಲಾದರೂ ಸರಿ.

ಶುಕ್ರವಾರ ಕಥೆ ಸಾರ್ ಅದನ್ನು ಓದಿ ಕುರ್ಚಿಯಿಂದ ಎದ್ದೇಬಿಟ್ಟರು. "ಯಾರ್ರೀ ಈಯಮ್ಮ? ನನ್ನ ಅನ್ನಕ್ಕೆ ಕಲ್ಲು ಹಾಕ್ತಾಳೆ! ಎಲ್ಲಾ ಗೊತ್ತಿದ್ದು ಸುಮ್ನಿದ್ಲಂತೆ, ಆಹಾ! ಹೆಸರೇನು?"

"ಹೆಸರಿಲ್ಲ ಸಾರ್."

"ಕಾಡು ಬೇಡ, ಕಾಡು ಕ್ಯಾನ್ಸಲ್. ರಾಜಮಾತೆ ಅವಳನ್ನ ಬಾಚಿ ತಬ್ಕೋಬೇಕು. ಅವಾಗ ಆ ಹುಡುಗಿ ಅಳ್ಬೇಕು, ಹೇಗೆ ಅಳ್ಬೇಕು ಅಂದ್ರೆ..."

"ಈರುಳ್ಳಿ ಚೀಲ ತರಿಸ್ಲಾ?" ಎಂದರು ಹಲೋ ಅಕ್ಕ. ಎಲ್ಲರೂ ನಕ್ಕರು. ಕಥೆ ಸಾರ್ ಆಗಲೇ ಬರೆಯತೊಡಗಿದ್ದರು.

ಎರಡು ವಾರದ ನಂತರ, ಒಂದು ಬುಧವಾರ ಆ ಕಂತು ಬಂತು. ಬೇಗ ಮನೆಗೆ ಬಂದಿದ್ದೆ. ಅತ್ತೆ ಯಾರದೋ ಲಂಗದ ಅಂಚು ಮಡಚುತ್ತಿದ್ದರು. ಯಂತ್ರ ಓಡುತ್ತಿತ್ತು.

ರಾಜಮಾತೆ ಕಿರಿಯ ರಾಣಿಯ ಕೋಣೆಗೆ ಬಂದಳು. ದೀಪದ ಪಕ್ಕದಲ್ಲಿ ನಿಂತಳು. "ನನಗೆ ಮೊದಲ ದಿನದಿಂದ ಗೊತ್ತು ಮಗಳೇ," ಎಂದಳು. "ಅವನು ಹೊರಡುವಾಗ ಕಿಟಕಿಯಲ್ಲಿ ನಿಂತಿದ್ದೆ."

ಯಂತ್ರ ನಿಂತಿತು.

"ನೀನು ಬೇರೆ ಹೇಳಿದೆ. ನಾನೂ ಎಲ್ಲರಿಗೂ ಅದನ್ನೇ ಹೇಳಿದೆ." ಪಿಟೀಲು ಶುರುವಾಯಿತು. "ನಿನ್ನ ತಪ್ಪನ್ನು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಹೇಳಲು ಮಾತು ಸಿಗಲಿಲ್ಲ, ಅಷ್ಟೆ." ಅವಳು ತೋಳು ಚಾಚಿದಳು. ಕಿರಿಯ ರಾಣಿ ಓಡಿ ಬಂದು ಅವಳ ಎದೆಗೆ ಬಿದ್ದು ಅತ್ತಳು. ಮುತ್ತಿನ ಸರ ರಾಜಮಾತೆಯ ಸೆರಗಿಗೆ ಸಿಕ್ಕಿಕೊಂಡಿತು. ಅದನ್ನು ಯಾರೂ ಬಿಡಿಸಲಿಲ್ಲ.

ನಾನು ಕಾಯುತ್ತಿದ್ದೆ. ಎದೆಯಲ್ಲಿ ಏನಾದರೂ ಸಡಿಲವಾಗುತ್ತದೆಯೇ ಎಂದು ಕಾಯುತ್ತಿದ್ದೆ. ಪರದೆಯ ಮೇಲೆ ಇಬ್ಬರು ಹೆಂಗಸರು ಅಳುತ್ತಿದ್ದರು. ಅವರ ಬೆನ್ನ ಹಿಂದಿನ ಕಂಬದ ಬಣ್ಣ ಕಿತ್ತುಹೋಗಿರುವುದು ನನಗೆ ಕಾಣುತ್ತಿತ್ತು.

"ನಾನು ಹಾಗೆ ಬರೆದಿರ್ಲಿಲ್ಲ," ಎಂದರು ಅತ್ತೆ.

ಅದು ಅವರಿಗೆ ಗೊತ್ತಾಗದೆ ಬಾಯಿಂದ ಬಿದ್ದ ಮಾತು. ಬಿದ್ದ ಮೇಲೆ ಇಬ್ಬರೂ ಟಿ.ವಿ.ಯನ್ನೇ ನೋಡಿದೆವು. ಸೋಪಿನ ಜಾಹೀರಾತು ಬಂತು. ಅದು ಮುಗಿಯುವವರೆಗೂ ನೋಡಿದೆವು.

"ಗೊತ್ತು," ಎಂದೆ.

"ಕಾಗದ ಬಂದ್ರೆ ಟೈಪ್ ಮಾಡೋದು ನೀನೇ ಅಲ್ವಾ."

"ಹೌದು."

"ತಿದ್ದಿದ್ದೂ ನೀನೇನಾ?"

"ಹೌದು ಅತ್ತೆ."

ಅವರು ಲಂಗವನ್ನು ಸೂಜಿಯಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡರು. ಹೊಲಿಗೆ ಸೊಟ್ಟಗಾಗಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ನನ್ನ ಕೈಲಿ ಆಗದೇ ಇರೋದನ್ನ ಅವಳ ಬಾಯಲ್ಲಿ ಹೇಳಿಸಿಬಿಟ್ಯಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಕೇಳೋಕೆ ಹಿತವಾಗಿತ್ತಾ?"

"ಇಲ್ಲ."

"ನನಗೂ ಇರ್ಲಿಲ್ಲ."

ಬ್ಲೇಡು ತೆಗೆದುಕೊಂಡು ಸೊಟ್ಟ ಹೊಲಿಗೆಯನ್ನು ಬಿಚ್ಚತೊಡಗಿದರು. ನಾನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

"ಆ ಪುಸ್ತಕ ಏನಾಯ್ತು?"

"ವಾಪಸ್ ಕೊಟ್ಟೆ."

"ಯಾವಾಗ?"

"ಮುಂದಿನ ವಾರವೇ."

"ಓದಿ ಮುಗಿಸಿದ್ಯಾ ಅದನ್ನ?"

ಸುಳ್ಳು ಹೇಳಬಹುದಿತ್ತು. ಒಮ್ಮೆ ಹೇಳಿದ್ದೆ, ಅದನ್ನು ಅವರು ಎಂಟು ತಿಂಗಳು ಹೊತ್ತಿದ್ದರು.

"ಇಲ್ಲ ಅತ್ತೆ. ಅರ್ಧ ಓದಿದ್ದೆ."

ಅತ್ತೆ ತಲೆಯಾಡಿಸಿದರು. ಬಿಚ್ಚಿದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಯ ಮುಚ್ಚಳದೊಳಗೆ ಹಾಕಿದರು. ಆಮೇಲೆ ಎದ್ದು ಎರಡು ತಟ್ಟೆ ಇಟ್ಟರು. ಎದುರುಬದುರು ಕೂತು ಊಟ ಮಾಡಿದೆವು. ಇನ್ನೂ ಸ್ವಲ್ಪ ಹಾಕ್ಲಾ ಎಂದು ಕೇಳಿದರು. ಸಾಕು ಎಂದೆ.

ಮರುದಿನ ಮಧ್ಯಾಹ್ನಕ್ಕೆ ಏಳು ಸಾವಿರ ಸಂದೇಶಗಳು. ಅಷ್ಟು ಎಂದೂ ಬಂದಿರಲಿಲ್ಲ. *ಅತ್ತೆ ಅಂದ್ರೆ ಹೀಗಿರ್ಬೇಕು.* ಹೊಗಳಿದ್ದು. *ಅಡುಗೆ ಸೀದುಹೋಯ್ತು, ಆದ್ರೂ ಪರವಾಗಿಲ್ಲ, ಅತ್ತೂ ಅತ್ತೂ ಹಗುರವಾಯ್ತು.* ಹೊಗಳಿದ್ದು. *ರಾಜಮಾತೆಯ ಪಾದಕ್ಕೆ ನಮಸ್ಕಾರ.* ಹೊಗಳಿದ್ದು. *ಕೊನೆಗೂ ಅತ್ತಳಲ್ಲ ಪುಣ್ಯಾತ್ಗಿತ್ತಿ.* ಸ್ವಲ್ಪ ಯೋಚಿಸಿ ಅದನ್ನೂ ಹೊಗಳಿದ್ದಕ್ಕೆ ಸೇರಿಸಿದೆ. ಕಥೆ ಸಾರ್ ಮೂರು ಸಲ ಬಾಗಿಲಿಗೆ ಬಂದು ಸಂಖ್ಯೆ ಕೇಳಿ ಹೋದರು. ಹಲೋ ಅಕ್ಕನಿಗೆ ಊಟಕ್ಕೆ ಏಳಲು ಬಿಡುವಿರಲಿಲ್ಲ.

ಅತ್ತೆಯ ಪತ್ರ ಇನ್ನೂ ನನ್ನ ಚೀಲದಲ್ಲಿತ್ತು. ಹೊರಡುವ ಮೊದಲು ಅದನ್ನು ತೆಗೆದು, ಇದ್ದದ್ದು ಇದ್ದ ಹಾಗೆ ಇನ್ನೊಮ್ಮೆ ಟೈಪ್ ಮಾಡಿದೆ. ಯಾರಿಗೂ ಕೊಡಲಿಲ್ಲ. ಕೊಟ್ಟರೂ ಇನ್ನು ಕಥೆ ತಿರುಗುವುದಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಯಂತ್ರ ಓಡುತ್ತಿತ್ತು. ಒಂದು ಚಪ್ಪಲಿ ಬಿಡುವಷ್ಟರಲ್ಲಿ ಅದು ನಿಂತಿತು. ಇವತ್ತು ಕೇಳುವುದಿಲ್ಲ ಎಂದುಕೊಂಡಿದ್ದೆ.

"ಜನ ಏನಂದ್ರು?"

"ಚೆನ್ನಾಗಿತ್ತು ಅಂದ್ರು."

"ಎಲ್ರೂನಾ?"

"ಒಬ್ರನ್ನ ಬಿಟ್ಟು."

ಅತ್ತೆ ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದರು. ಅವರ ಕಣ್ಣು ಈಚೆಗೆ ಮಂಜಾಗಿದೆ. ಮೂರನೇ ಸಲಕ್ಕೆ ದಾರ ಹೋಯಿತು.

"ಆ ಒಬ್ರನ್ನ ನೂರು ಅಂತ ಬರ್ಕೋ," ಎಂದರು.

"ಬರ್ಕೊಂಡಿದೀನಿ," ಎಂದೆ. ಇನ್ನೊಂದು ಚಪ್ಪಲಿ ಬಿಟ್ಟು ಒಳಗೆ ಹೋದೆ.